ಕುರಿ ಮೇಲೆ ಕೂತ್ಕೊಳ್ಳಿ ಸ್ವಾಮಿ!

ನಮಸ್ಕಾರ ನಮಸ್ಕಾರ. ಇವತ್ತು ಸ್ವಲ್ಪ ತಲೆ ಕೆಟ್ಟಿದೆ, ಮೊದಲೇ ಹೇಳ್ಬಿಡ್ತೀನಿ. ಹೋದ ವಿಡಿಯೋದಲ್ಲಿ ಪ್ರಾಣಿ ಆಕಾರದಲ್ಲಿ ಕುರ್ಚಿ, ಮೇಜು, ಬಾರು ಅಂತೆಲ್ಲ ಮಾಡ್ತಿದ್ದ ಫ್ರಾನ್ಸಿನ ಶಿಲ್ಪಿಗಳು ಲಲಾನ್ ದಂಪತಿ ಬಗ್ಗೆ ಮಾತಾಡಿದ್ನಲ್ಲ, ಅದರ ಕೆಳಗೆ ಒಬ್ರು ಕಾಮೆಂಟ್ ಹಾಕಿದಾರೆ, "ಕೋಟಿಗಟ್ಟಲೆ ಸುರಿದು ಹರಾಜಲ್ಲಿ ತಂದಿದ್ದನ್ನ ಗಾಜಿನ ಪೆಟ್ಟಿಗೇಲಿ ಇಡಬೇಕು ಸಾರ್, ನೀವು ಅದರ ಮೇಲೆ ಕೂರಿ ಅಂತೀರಲ್ಲ, ತಮಾಷೆನಾ?" ಅದಕ್ಕೆ ಲೈಕು ಬೇರೆ!

ತಮಾಷೆ ಅಲ್ಲ ಗುರೂ, ಅದು ಕೂರೋಕೇ ಮಾಡಿದ್ದು. 1965ರಲ್ಲಿ ಫ್ರಾನ್ಸ್ವಾ ಕ್ಸಾವಿಯೆ ಲಲಾನ್ ಪ್ಯಾರಿಸ್ಸಿನ ಒಂದು ಪ್ರದರ್ಶನಕ್ಕೆ 24 ಕುರಿ ತಂದು ನಿಲ್ಲಿಸಿದ್ರು. ಮೈತುಂಬ ನಿಜವಾದ ಉಣ್ಣೆ, ಕಾಲ ಕೆಳಗೆ ಪುಟ್ಟ ಚಕ್ರ, ಎಳ್ಕೊಂಡು ಬೇಕಾದ ಕಡೆ ಹೋಗಿ ಕೂತ್ಕೋಬಹುದು, ಅರ್ಧಕ್ಕರ್ಧಕ್ಕಿಂತ ಜಾಸ್ತಿ ಕುರಿಗೆ ತಲೇನೇ ಇಲ್ಲ ಯಾಕಂದ್ರೆ ಅವು ಸ್ಟೂಲು! ಚಕ್ರ ಹಾಕಿರೋ ಶಿಲ್ಪಾನ ಗಾಜಿನ ಪೆಟ್ಟಿಗೇಲಿ ಇಡ್ತೀಯೇನಪ್ಪ?

ಈಗ ಆ ಹಿಪ್ಪೋ ವಿಷ್ಯಕ್ಕೆ ಬರೋಣ. 2025ರ ಡಿಸೆಂಬರ್, ನ್ಯೂಯಾರ್ಕ್, ಸದಬೀಸ್ ಹರಾಜು ಮನೆ. ಇದೇ ಲಲಾನ್ ಮಾಡಿದ 1976ರ ತಾಮ್ರದ ನೀರಾನೆ, 70 ಲಕ್ಷದಿಂದ 1 ಕೋಟಿ ಡಾಲರ್ ಅಂತ ಅಂದಾಜು, ಹೋಗಿದ್ದು 3.14 ಕೋಟಿ ಡಾಲರಿಗೆ, ನಮ್ಮ ಲೆಕ್ಕದಲ್ಲಿ 280 ಕೋಟಿ ರೂಪಾಯಿ ಮೇಲೆ. (ಅಂದ್ಹಾಗೆ ಅಂದಾಜಲ್ಲಿ ಹರಾಜು ಮನೆ ಕಮಿಷನ್ ಸೇರಿರಲ್ಲ, ಕೊನೆ ಬೆಲೇಲಿ ಸೇರಿರತ್ತೆ, ನ್ಯೂಸ್ ಚಾನೆಲ್ ಅವ್ರು ಎರಡನ್ನೂ ಪಕ್ಕ ಪಕ್ಕ ಇಟ್ಟು ಬಾಯಿ ಬಡ್ಕೋತಾರೆ. ಇಂಥದ್ದೆಲ್ಲ ಯಾರು ಹೇಳ್ತಾರೆ ನಿಮಗೆ? ನಾನು. ಸಬ್‌ಸ್ಕ್ರೈಬ್ ಮಾಡಿ.) ಆ ನೀರಾನೆ ಏನು ಗೊತ್ತಾ? ಬಾರು! ಹೊಟ್ಟೆ ಬಾಗಿಲು ತೆಗೆದ್ರೆ ಬಾಟ್ಲಿ ಇಡೋ ಜಾಗ, ಐಸ್ ಬಕೆಟ್ಟು, ತಟ್ಟೆ. ಅದರೊಳಗೆ ಬಾಟ್ಲಿ ಇಡದೇ ಇದ್ರೆ ಆ ಬಾಗಿಲು ಯಾಕೆ ಸ್ವಾಮಿ?

"ಸವೆದ್ರೆ ಬೆಲೆ ಬೀಳತ್ತೆ" ಅಂತಾನೆ ಇನ್ನೊಬ್ಬ. ಅಯ್ಯೋ ಮಹಾನುಭಾವ! ಹರಾಜು ಮನೆ ಕಂಡಿಷನ್ ರಿಪೋರ್ಟಲ್ಲಿ ವಯಸ್ಸಿಗೆ, ಬಳಕೆಗೆ ತಕ್ಕ ಸವೆತ ಇದೆ ಅಂತ ಅವ್ರೇ ಬರೆದು ಮಾರ್ತಾರೆ. ಅವರ ಹೆಂಡತಿ ಕ್ಲೋದ್ ಲಲಾನ್ 2019ರಲ್ಲಿ ತೀರ್ಕೊಂಡ ಮೇಲೆ ಅದೇ ವರ್ಷ ಅಕ್ಟೋಬರಲ್ಲಿ ಪ್ಯಾರಿಸ್ಸಲ್ಲಿ ಅವ್ರಿಬ್ಬರ ಸ್ವಂತ ಸಂಗ್ರಹ ಹರಾಜಾಯ್ತು, ಎರಡು ದಿನದಲ್ಲಿ 9.1 ಕೋಟಿ ಯೂರೋ. ಅವ್ರು ಬದುಕಿದ ಮನೆ ಸಾಮಾನು ಅಂತ್ಲೇ ಜನ ಮುಗಿಬಿದ್ದಿದ್ದು! ಫ್ಯಾಷನ್ ಡಿಸೈನರ್ ಇವ್ ಸಾಂ ಲೊರಾಂ ಮನೆ ಲೈಬ್ರರೀಲಿ ಈ ಕುರಿಗಳು ಓಡಾಡ್ಕೊಂಡಿದ್ವು ಅಂತ ಇವತ್ತಿಗೂ ಕಥೆ ಹೇಳಿ ಮಾರ್ತಾರೆ. ಯಾರು ಕೂತಿದ್ರು ಅನ್ನೋದಕ್ಕೇ ದುಡ್ಡು, ಆದ್ರೆ ನೀನು ಮಾತ್ರ ಕೂರಲ್ಲ, ಅಲ್ವಾ? ಹಂಗಾದ್ರೆ ನಿನ್ನ ಮೊಮ್ಮಗ ಯಾವ ಕಥೆ ಹೇಳಿ ಮಾರ್ತಾನೆ? "ನಮ್ಮ ತಾತ ಇದನ್ನ ಜಿನೀವಾ ಗೋದಾಮಲ್ಲಿ ಬೀಗ ಹಾಕಿ ಇಟ್ಟಿದ್ರು" ಅಂತಾನಾ?

ಟಿವಿ ರಿಮೋಟಿಗೆ ಪ್ಲಾಸ್ಟಿಕ್ ಕವರ್ ಹಾಕಿ ಕೊನೇವರ್ಗೂ ಬಿಚ್ಚದೇ ಇರೋ ಜನಾನೇ ಇವ್ರು, ದುಡ್ಡು ಮಾತ್ರ ಜಾಸ್ತಿ.

"ಹೂಡಿಕೆ ಸಾರ್, ಅಸೆಟ್ಟು." ಹೂಡಿಕೆ ಬೇಕಾದ್ರೆ ಚಿನ್ನ ತಗೋ, ಸೈಟ್ ತಗೋ, ಕುರಿ ಯಾಕೆ ತಗೋತೀಯ? ಲಲಾನ್ ಮಾಡಿದ 1964ರ ಹಿತ್ತಾಳೆ ಘೇಂಡಾಮೃಗ 2023ರಲ್ಲಿ ಪ್ಯಾರಿಸ್ಸಿನ ಕ್ರಿಸ್ಟೀಸ್ ಹರಾಜಲ್ಲಿ 1.83 ಕೋಟಿ ಯೂರೋಗೆ ಹೋಯ್ತು, ಪಕ್ಕೆ ಬಿಚ್ಚಿದ್ರೆ ಬರೆಯೋ ಮೇಜು. ತಗೊಂಡವ್ರು ಅದ್ರ ಮೇಲೆ ಒಂದು ಚೆಕ್ಕಾದ್ರೂ ಬರೀಬೇಕಪ್ಪಾ! ಬರೀರಿ! ಕೂರಿ! ಕುಡೀರಿ! ಇಷ್ಟೇ ನಾನ್ ಹೇಳೋದು. ಕಾರಣ ಏನೂ ಇಲ್ಲ ಇನ್ನು, ಕೂರಿ ಅಷ್ಟೇ. ಉಣ್ಣೆ ಕೊಳೆ ಆಗತ್ತಾ? ಆಗ್ಲಿ. ಕುರಿ ಕಣ್ರೀ ಅದು.

ಮುಂದಿನ ವಾರ ಫ್ರಾನ್ಸಿನ ಫರ್ನಿಚರ್ ಡಿಸೈನರ್ ಜ್ಯಾನ್ ರೊಯೇರ್ ಅವರ ಹಿಮಕರಡಿ ಸೋಫಾ. ಅದರ ಮೇಲೂ ಕೂರಬಾರ್ದು ಅಂತ ಕಾಮೆಂಟ್ ಹಾಕೋರು ಈಗ್ಲೇ ಹಾಕ್ಬಿಡಿ, ಬೈಯೋಕೆ ಅನುಕೂಲ ಆಗತ್ತೆ. ಬೆಲ್ ಐಕಾನ್ ಒತ್ತಿ, ಬರ್ತೀನಿ.