ಆ ಡಬ್ಬಿಯನ್ನು ಖಾಲಿ ಬಿಡಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಹೊಟ್ಟೆ, ಕರುಳಿನ ಕಾಯಿಲೆಗಳಿಗೆ ಯಾವ ಯಾವ ಲ್ಯಾಬ್ ಪರೀಕ್ಷೆಗಳಿವೆ, ಅವುಗಳಿಂದ ಏನು ತಿಳಿಯುತ್ತದೆ ಅಂತ ಮಾತಾಡಲು ನನ್ನನ್ನು ಕರೆದಿದ್ದಾರೆ. ಪರೀಕ್ಷೆಗಳು ಬೇಕಾದಷ್ಟಿವೆ. ಎಲ್ಲವನ್ನೂ ಹೇಳುತ್ತಾ ಹೋದರೆ ನಿಮಗೆ ಒಂದೂ ನೆನಪಿರುವುದಿಲ್ಲ. ಅದಕ್ಕೆ ಒಂದೇ ಮಾತು ಹೇಳುತ್ತೇನೆ. ಅದನ್ನೇ ಮತ್ತೆ ಮತ್ತೆ ಹೇಳುತ್ತೇನೆ. ವೈದ್ಯರು ಮಲ ಪರೀಕ್ಷೆ ಬರೆದುಕೊಟ್ಟರೆ ದಯವಿಟ್ಟು ಮಾಡಿಸಿ. ನಾಚಬೇಡಿ. ಊಟದ ಹೊತ್ತಿನಲ್ಲಿ ಈ ಮಾತು ಕಿವಿಗೆ ಬಿದ್ದಿದ್ದರೆ ಕ್ಷಮಿಸಿ. ಆದರೆ ರೇಡಿಯೋ ಆರಿಸಬೇಡಿ.

ನಾನು ದಿನವೂ ನೋಡುತ್ತೇನೆ. ರಕ್ತ ಕೊಡಿ ಅಂದರೆ ಜನ ಮರುಮಾತಿಲ್ಲದೆ ತೋಳು ಚಾಚುತ್ತಾರೆ. ಸ್ಕ್ಯಾನ್ ಅಂದರೆ ಮಾರನೆಯ ದಿನವೇ ಮಾಡಿಸಿ ತರುತ್ತಾರೆ. ಎಂಡೋಸ್ಕೋಪಿ ಅಂದರೆ ಹೆದರುತ್ತಾರೆ, ಆದರೂ ಮಾಡಿಸುತ್ತಾರೆ. ಮಲದ ಡಬ್ಬಿ ಕೈಗೆ ಕೊಟ್ಟರೆ ಮಾತ್ರ ಮುಖ ಆಚೆ ತಿರುಗುತ್ತದೆ. ‘ನಾಳೆ ತಂದುಕೊಡ್ತೀನಿ ಡಾಕ್ಟ್ರೇ’ ಅನ್ನುತ್ತಾರೆ. ಆ ನಾಳೆ ಬರುವುದೇ ಇಲ್ಲ. ತಿಂಗಳು ಕಳೆದ ಮೇಲೆ ಅದೇ ಭೇದಿ, ಅದೇ ಹೊಟ್ಟೆನೋವು ಇಟ್ಟುಕೊಂಡು ಮತ್ತೆ ಬರುತ್ತಾರೆ. ಕೈಯಲ್ಲಿ ದಪ್ಪ ಫೈಲು. ‘ಎಲ್ಲ ರಿಪೋರ್ಟೂ ನಾರ್ಮಲ್ ಇದೆ, ಆದ್ರೂ ಯಾಕೆ ಹೀಗೆ?’ ಅಂತ ಕೇಳುತ್ತಾರೆ. ಕಾಯಿಲೆ ಇರುವ ಕಡೆಯಿಂದ ಬಂದ ಒಂದು ರಿಪೋರ್ಟೂ ಆ ಫೈಲಿನಲ್ಲಿ ಇರುವುದಿಲ್ಲ!

ಸ್ವಲ್ಪ ಯೋಚಿಸಿ. ರಕ್ತ ಇಡೀ ಮೈಯೆಲ್ಲ ಸುತ್ತುತ್ತದೆ. ಕರುಳಿನ ಯಾವುದೋ ಮೂಲೆಯಲ್ಲಿ ಸಣ್ಣ ಉರಿಯೂತವಿದ್ದರೆ ಅದರ ಸುಳಿವು ರಕ್ತದಲ್ಲಿ ಸಿಗಬಹುದು, ಸಿಗದೆಯೂ ಇರಬಹುದು. ಮಲ ಹಾಗಲ್ಲ. ದೂರದ ದಾರಿ ನಡೆದು ಬಂದ ಪ್ರಯಾಣಿಕನ ಹಾಗೆ ಅದು. ಎಲ್ಲಿ ಗಾಯವಾಗಿದೆ, ಎಲ್ಲಿ ರಕ್ತ ಜಿನುಗುತ್ತಿದೆ, ಎಲ್ಲಿ ಆಹಾರ ಜೀರ್ಣವಾಗದೆ ಉಳಿದಿದೆ, ಎಲ್ಲದರ ಗುರುತನ್ನೂ ಹೊತ್ತು ತರುತ್ತದೆ. ನಾವು ಅದನ್ನು ಕೇಳದೆ ಕಳಿಸಿಬಿಡುತ್ತೇವೆ.

ಒಂದು ಉದಾಹರಣೆ ಕೊಡುತ್ತೇನೆ. ಭೇದಿ, ಹೊಟ್ಟೆ ಹಿಂಡಿದ ಹಾಗೆ ನೋವು, ದಿನಕ್ಕೆ ನಾಲ್ಕೈದು ಸಲ ಓಡಾಟ. ಇದು ಎರಡು ಬೇರೆ ಬೇರೆ ತೊಂದರೆಗಳಲ್ಲಿ ಬರಬಹುದು. ಒಂದು ಐಬಿಎಸ್, ಅಂದರೆ ಇರಿಟಬಲ್ ಬವೆಲ್ ಸಿಂಡ್ರೋಮ್. ಇಲ್ಲಿ ಕರುಳಿಗೆ ಗಾಯವಿಲ್ಲ, ಅದರ ವರ್ತನೆ ಮಾತ್ರ ಕೆಟ್ಟಿದೆ. ಇನ್ನೊಂದು ಕ್ರೋನ್ಸ್ ಅಥವಾ ಅಲ್ಸರೇಟಿವ್ ಕೊಲೈಟಿಸ್. ಇಲ್ಲಿ ಕರುಳಿನ ಗೋಡೆಯೇ ಹುಣ್ಣಾಗಿರುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಚಿಕಿತ್ಸೆ ಮಾತ್ರ ಪೂರ್ತಿ ಬೇರೆ. ಇವೆರಡನ್ನು ಬೇರ್ಪಡಿಸಲು ಕ್ಯಾಲ್‌ಪ್ರೊಟೆಕ್ಟಿನ್ ಅನ್ನುವ ಮಲ ಪರೀಕ್ಷೆ ಇದೆ. ಕ್ಯಾಲ್‌ಪ್ರೊಟೆಕ್ಟಿನ್ ನಮ್ಮ ಬಿಳಿ ರಕ್ತಕಣಗಳೊಳಗೆ ಇರುವ ಒಂದು ಪ್ರೋಟೀನು. ಕರುಳಿನಲ್ಲಿ ಉರಿಯೂತವಾದಾಗ ಬಿಳಿ ಕಣಗಳು ಅಲ್ಲಿಗೆ ನುಗ್ಗುತ್ತವೆ, ಒಡೆಯುತ್ತವೆ, ಈ ಪ್ರೋಟೀನು ಮಲಕ್ಕೆ ಸೇರುತ್ತದೆ. 1980ರಲ್ಲಿ ನಾರ್ವೆಯ ವಿಜ್ಞಾನಿಗಳು ಇದನ್ನು ಬೇರ್ಪಡಿಸಿ ವಿವರಿಸಿದರು. 1992ರಲ್ಲಿ ಇದನ್ನು ಮಲದಲ್ಲೇ ಅಳೆಯಬಹುದು ಅಂತ ತೋರಿಸಿದರು. ಒಂದು ಗ್ರಾಂ ಮಲದಲ್ಲಿ 50 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೆ ಕರುಳಿನಲ್ಲಿ ಉರಿಯೂತ ಇರುವ ಸಾಧ್ಯತೆ ತೀರಾ ಕಡಿಮೆ. 250 ದಾಟಿದರೆ ಸಾಮಾನ್ಯವಾಗಿ ಕೊಲೊನೋಸ್ಕೋಪಿ, ಅಂದರೆ ಗುದದ್ವಾರದ ಮೂಲಕ ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳನ್ನು ನೋಡುವ ಪರೀಕ್ಷೆ, ಮಾಡಬೇಕಾಗುತ್ತದೆ. ಕೆಲವು ನೋವಿನ ಮಾತ್ರೆ ನುಂಗುತ್ತಿದ್ದರೂ ಇದು ಏರಬಹುದು. ಅದನ್ನು ವೈದ್ಯರಿಗೆ ಮೊದಲೇ ಹೇಳಿಬಿಡಿ. ಒಂದು ಚಮಚದಷ್ಟೂ ಬೇಡದ ಮಲದಿಂದ ಎಷ್ಟೋ ಜನರಿಗೆ ಕೊಲೊನೋಸ್ಕೋಪಿಯೇ ತಪ್ಪುತ್ತದೆ. ಇದಕ್ಕೆ ನಾಚುವುದೇ?

ಮಲ ಪರೀಕ್ಷೆ ಎಂಥ ದೊಡ್ಡ ಕೆಲಸ ಮಾಡಬಲ್ಲದು ಅಂತ ತಿಳಿಯಲು ಒಂದು ಕಥೆ ಹೇಳಬೇಕು. ನನಗೆ ತುಂಬಾ ಇಷ್ಟವಾದ ಕಥೆ, ನಿಜವಾಗಿ ನಡೆದದ್ದು.

ನೆದರ್‌ಲ್ಯಾಂಡ್ಸ್ ದೇಶದ ಹೇಗ್ ನಗರದಲ್ಲಿ ವಿಲೆಮ್ ಡಿಕೆ ಅಂತ ಮಕ್ಕಳ ವೈದ್ಯರಿದ್ದರು. 1936ರಲ್ಲಿ, ಇನ್ನೂ ಮೂವತ್ತರ ಆಸುಪಾಸಿನಲ್ಲೇ, ಅಲ್ಲಿನ ಜೂಲಿಯಾನಾ ಮಕ್ಕಳ ಆಸ್ಪತ್ರೆಯ ಮುಖ್ಯಸ್ಥರಾದರು. ಅವರ ವಾರ್ಡಿನಲ್ಲಿ ಒಂದು ಥರದ ಮಕ್ಕಳಿರುತ್ತಿದ್ದರು. ಕೈಕಾಲು ಕಡ್ಡಿ, ಹೊಟ್ಟೆ ಉಬ್ಬರ, ಮಲ ರಾಶಿ ರಾಶಿ, ಜಿಡ್ಡುಜಿಡ್ಡು, ತಡೆಯಲಾಗದ ವಾಸನೆ. ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ಎಷ್ಟೋ ಮಕ್ಕಳು ಸಾಯುತ್ತಿದ್ದರು. ಕಾಯಿಲೆಯ ಹೆಸರು ಗೊತ್ತಿತ್ತು, ಸೀಲಿಯಾಕ್. ಕಾರಣ ಗೊತ್ತಿರಲಿಲ್ಲ. ಬಾಳೆಹಣ್ಣು ತಿನ್ನಿಸಿ ನೋಡಿದವರಿದ್ದರು. ಕೊಬ್ಬು ಬಿಡಿಸಿ ನೋಡಿದವರಿದ್ದರು. ಡಿಕೆ ಅವರಿಗೆ ಮಾತ್ರ ಗೋಧಿಯ ಮೇಲೆ ಅನುಮಾನ. 1941ರಲ್ಲೇ ಗೋಧಿ ಬಿಟ್ಟ ಆಹಾರದ ಬಗ್ಗೆ ಬರೆದರು.

ಅಷ್ಟರಲ್ಲಿ ಯುದ್ಧ. 1944ರ ಕೊನೆಯಿಂದ 1945ರವರೆಗೆ ಆ ದೇಶದ ಪಶ್ಚಿಮ ಭಾಗದಲ್ಲಿ ಭೀಕರ ಬರಗಾಲ. ಜನ ಟ್ಯೂಲಿಪ್ ಗಡ್ಡೆ ಬೇಯಿಸಿ ತಿಂದರು. ಬ್ರೆಡ್ ಸಿಗುವುದೇ ಕಷ್ಟವಾಯಿತು. ಊರೆಲ್ಲ ಸೊರಗುತ್ತಿದ್ದ ಆ ಚಳಿಗಾಲದಲ್ಲಿ ಈ ಸೀಲಿಯಾಕ್ ಮಕ್ಕಳು ಚೇತರಿಸಿಕೊಂಡರು. ಆಮೇಲೆ ಹೊರಗಿನ ನೆರವು ಬಂತು, ಬ್ರೆಡ್ ಬಂತು. ಮಕ್ಕಳು ಮತ್ತೆ ಮಲಗಿಬಿಟ್ಟರು.

ಇಷ್ಟು ಕಂಡಮೇಲೆ ಬೇರೆ ಯಾರಾದರೂ ಆಗಿದ್ದರೆ ‘ಗೋಧಿಯೇ ಕಾರಣ’ ಅಂತ ಘೋಷಿಸಿ ಸುಮ್ಮನಾಗುತ್ತಿದ್ದರು. ಡಿಕೆ ಹಾಗೆ ಮಾಡಲಿಲ್ಲ. ಅವರಿಗೆ ಅಳತೆ ಬೇಕಿತ್ತು. ಕರುಳಿನೊಳಗೆ ಏನಾಗಿದೆ ಅಂತ ನೋಡಲು ಆಗ ದಾರಿಯೇ ಇರಲಿಲ್ಲ. ಬಾಯಿಯ ಮೂಲಕ ಕೊಳವೆ ಇಳಿಸಿ ಸಣ್ಣ ಕರುಳಿನ ಚೂರು ತೆಗೆಯುವ ವಿಧಾನ ಬಂದದ್ದು 1950ರ ದಶಕದ ನಡುವಿನಲ್ಲಿ. ಹಾಗಾದರೆ ಅಳೆಯುವುದು ಏನನ್ನು? ಮಲವನ್ನು! ಯೂಟ್ರೆಕ್ಟ್‌ನ ವಾನ್ ಡೆ ಕಾಮರ್ ಅನ್ನುವ ರಸಾಯನ ವಿಜ್ಞಾನಿ ಮಲದಲ್ಲಿರುವ ಕೊಬ್ಬನ್ನು ನಿಖರವಾಗಿ ಅಳೆಯುವ ವಿಧಾನ ಕಂಡುಹಿಡಿದಿದ್ದರು. ಡಿಕೆ, ಅವರ ಜೊತೆಯ ವೈದ್ಯ ವೇಯರ್ಸ್, ಈ ವಾನ್ ಡೆ ಕಾಮರ್, ಮೂವರೂ ಸೇರಿದರು.

ಅವರು ಮಾಡಿದ ಕೆಲಸ ನೋಡಿ, ಎಷ್ಟು ಸರಳ. ಮಗು ಎಷ್ಟು ಕೊಬ್ಬು ತಿಂದಿತು ಅಂತ ಲೆಕ್ಕ ಇಡುವುದು. ಮಲದಲ್ಲಿ ಎಷ್ಟು ಹೊರಗೆ ಹೋಯಿತು ಅಂತ ಅಳೆಯುವುದು. ಉಳಿದದ್ದು ಮೈಗೆ ಸೇರಿದ್ದು. ಗೋಧಿ ಕೊಟ್ಟರೆ ಮಲದಲ್ಲಿ ಕೊಬ್ಬು ಏರುತ್ತದೆ. ಗೋಧಿ ನಿಲ್ಲಿಸಿದರೆ ಇಳಿಯುತ್ತದೆ. ಮತ್ತೆ ಕೊಟ್ಟರೆ ಮತ್ತೆ ಏರುತ್ತದೆ. ಆಮೇಲೆ ಗೋಧಿಯನ್ನೇ ಬೇರೆ ಬೇರೆ ಭಾಗಗಳಾಗಿ ಬೇರ್ಪಡಿಸಿ ಕೊಟ್ಟು ನೋಡಿದರು. ಬರೀ ಗೋಧಿಯ ಪಿಷ್ಟ ಕೊಟ್ಟರೆ ಏನೂ ಆಗಲಿಲ್ಲ. ಗ್ಲುಟೆನ್ ಅನ್ನುವ ಅಂಟಿನ ಭಾಗ ಕೊಟ್ಟರೆ ಮಕ್ಕಳು ಕೆಟ್ಟರು. ಗೋಧಿಯ ಬಗ್ಗೆ ಡಿಕೆ 1950ರಲ್ಲೇ ತಮ್ಮ ಪ್ರಬಂಧ ಮಂಡಿಸಿದ್ದರು. ಗ್ಲುಟೆನ್ ಬಿಡಿ ಅಂತ ಇವತ್ತು ಜಗತ್ತಿನ ಯಾವ ಮೂಲೆಯಲ್ಲಿ ವೈದ್ಯರು ಹೇಳಿದರೂ ಆ ಮಾತಿನ ಬೇರು ಇರುವುದು ಅಲ್ಲಿ, ಆ ಮಕ್ಕಳ ಮಲದ ಪಾತ್ರೆಗಳಲ್ಲಿ. ದಿನಗಟ್ಟಲೆ ಅದನ್ನು ಒಂದು ಚೂರೂ ಬಿಡದೆ ಸಂಗ್ರಹಿಸಿದ ದಾದಿಯರನ್ನು ನೆನೆಯಿರಿ. ಅವರು ಮುಖ ತಿರುಗಿಸಿದ್ದರೆ ಏನಾಗುತ್ತಿತ್ತು?

ಇವತ್ತು ಸೀಲಿಯಾಕ್ ಹುಡುಕಲು ಮೊದಲು ಮಾಡುವುದು ಒಂದು ರಕ್ತ ಪರೀಕ್ಷೆ, ಅದು ಸರಿ. ಟಿಟಿಜಿ ಅಂತಾರೆ. ಆದರೆ ಒಂದು ಎಚ್ಚರ. ಪರೀಕ್ಷೆಗೆ ಮೊದಲೇ ಸುಮ್ನೆ ನೀವೇ ಗೋಧಿ ಬಿಟ್ಟರೆ ಕಾಯಿಲೆ ಇದ್ದರೂ ಪರೀಕ್ಷೆ ನೆಗೆಟಿವ್ ಬರಬಹುದು. ತಿನ್ನುತ್ತಿರುವಾಗಲೇ ಪರೀಕ್ಷೆ ಮಾಡಿಸಿ, ಆಮೇಲೆ ಬಿಡಿ.

ಸಮಯ ಓಡುತ್ತಿದೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಹೊಟ್ಟೆಯ ಹುಣ್ಣಿಗೆ ಮುಖ್ಯ ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನುವ ಬ್ಯಾಕ್ಟೀರಿಯಾ. ಇದನ್ನೂ ಮಲದಲ್ಲಿ ಪತ್ತೆ ಮಾಡಬಹುದು. ಇದಕ್ಕೆ ರಕ್ತ ಪರೀಕ್ಷೆ ಮಾಡಿಸಿಕೊಂಡು ಬರುತ್ತಾರೆ ಜನ. ರಕ್ತದಲ್ಲಿ ಕಾಣುವುದು ಪ್ರತಿಕಾಯ, ಅಂದರೆ ಬ್ಯಾಕ್ಟೀರಿಯಾ ವಿರುದ್ಧ ಹೋರಾಡಲು ನಮ್ಮ ದೇಹ ತಯಾರಿಸಿದ ಪ್ರೋಟೀನು. ಬ್ಯಾಕ್ಟೀರಿಯಾ ಸತ್ತುಹೋದ ಮೇಲೂ ಅದು ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿಯುತ್ತದೆ. ಚಿಕಿತ್ಸೆ ಫಲಿಸಿತೇ ಅಂತ ತಿಳಿಯಲು ಮಲ ಪರೀಕ್ಷೆ ಬೇಕು, ಇಲ್ಲವೇ ಉಸಿರಿನ ಪರೀಕ್ಷೆ ಬೇಕು. ಆ್ಯಸಿಡ್ ತಗ್ಗಿಸುವ ಮಾತ್ರೆಯನ್ನು ಎರಡು ವಾರ ಮೊದಲು ನಿಲ್ಲಿಸಬೇಕು. ಆ್ಯಂಟಿಬಯಾಟಿಕ್ ಮುಗಿದು ನಾಲ್ಕು ವಾರ ಆಗಿರಬೇಕು. ಯಾವುದನ್ನು ಯಾವಾಗ ನಿಲ್ಲಿಸುವುದು ಅಂತ ನಿಮ್ಮ ವೈದ್ಯರನ್ನೇ ಕೇಳಿ.

ಮೇದೋಜೀರಕ ಗ್ರಂಥಿ ರಸ ಕಡಿಮೆ ಸುರಿಸುತ್ತಿದ್ದರೆ ಎಲಾಸ್ಟೇಸ್ ಅನ್ನುವ ಮಲ ಪರೀಕ್ಷೆ ಇದೆ. ಒಂದು ಗ್ರಾಂ ಮಲದಲ್ಲಿ 200 ಮೈಕ್ರೋಗ್ರಾಂಗಿಂತ ಕೆಳಗೆ ಬಂದರೆ ಅನುಮಾನ. ಮಲ ನೀರಿನ ಹಾಗಿದ್ದರೆ ಮಾತ್ರ ಈ ಅಂಕಿಯನ್ನು ನಂಬಬೇಡಿ, ನೀರು ಬೆರೆತು ತಾನಾಗಿ ಇಳಿದಿರುತ್ತದೆ.

ರಕ್ತ ಪರೀಕ್ಷೆ ಬೇಡ ಅಂತ ನಾನು ಹೇಳುತ್ತಿಲ್ಲ. ಲಿವರ್‌ಗೆ ಎಎಲ್‌ಟಿ, ಬಿಲಿರುಬಿನ್ ಬೇಕೇ ಬೇಕು. ಮೇಲ್ಹೊಟ್ಟೆಯಲ್ಲಿ ತಡೆಯಲಾಗದ ನೋವು ಬಂದು ರಕ್ತದಲ್ಲಿ ಲೈಪೇಸ್ ಅನ್ನುವ ಕಿಣ್ವ ಸಾಮಾನ್ಯ ಮಿತಿಯ ಮೂರು ಪಟ್ಟು ಏರಿದ್ದರೆ ಮೇದೋಜೀರಕ ಗ್ರಂಥಿಯ ಉರಿಯೂತ ಅಂತ ಹಿಡಿಯುತ್ತೇವೆ. ಆದರೆ ಕ್ಯಾನ್ಸರ್ ಮಾರ್ಕರ್ ಅಂತ ಸಿಇಎ, ಸಿಎ 19-9 ಎರಡನ್ನೂ ತಾವಾಗಿ ಮಾಡಿಸಿಕೊಂಡು ನಿದ್ದೆಗೆಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಸಿಗರೇಟು ಸೇದುವವರಲ್ಲಿ ಸಿಇಎ ಜಾಸ್ತಿ ಇರುತ್ತದೆ. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡರೂ ಸಿಎ 19-9 ಏರುತ್ತದೆ. ಕೆಲವರ ದೇಹ ಹುಟ್ಟಿನಿಂದಲೇ ಸಿಎ 19-9 ತಯಾರಿಸುವುದಿಲ್ಲ, ಅಂಥವರಿಗೆ ಕ್ಯಾನ್ಸರ್ ಇದ್ದರೂ ಅಂಕಿ ಏರುವುದಿಲ್ಲ. ಇವು ಹೆಚ್ಚಾಗಿ ಕ್ಯಾನ್ಸರ್ ಇದೆ ಅಂತ ಗೊತ್ತಾದ ಮೇಲೆ ಚಿಕಿತ್ಸೆಯ ದಾರಿ ನೋಡಲು ಇರುವ ಪರೀಕ್ಷೆಗಳು. ಇದೆಯೋ ಇಲ್ಲವೋ ಅಂತ ಹುಡುಕಲು ಅಲ್ಲ.

ಹುಡುಕಲು ಏನು ಮಾಡಬೇಕು? ದೊಡ್ಡ ಕರುಳಿನ ಕ್ಯಾನ್ಸರಿಗಾದರೆ ಮತ್ತೆ ಅದೇ ಡಬ್ಬಿ. ಫಿಟ್ ಅನ್ನುವ ಪರೀಕ್ಷೆ. ಕಣ್ಣಿಗೆ ಕಾಣದಷ್ಟು ಕಡಿಮೆ ರಕ್ತ ಮಲದಲ್ಲಿದ್ದರೂ ಇದು ಹಿಡಿಯುತ್ತದೆ. ಹಳೆಯ ಪರೀಕ್ಷೆಗೆ ಮಾಂಸ, ಕೆಲವು ತರಕಾರಿ ಬಿಟ್ಟು ಪಥ್ಯ ಮಾಡಬೇಕಿತ್ತು. ಇದಕ್ಕೆ ಯಾವ ಪಥ್ಯವೂ ಬೇಡ, ಯಾಕೆಂದರೆ ಇದು ಮನುಷ್ಯರ ರಕ್ತವನ್ನು ಮಾತ್ರ ಗುರುತಿಸುತ್ತದೆ. ಹೆಣ್ಣುಮಕ್ಕಳು ಮುಟ್ಟಿನ ದಿನಗಳಲ್ಲಿ ಮಾತ್ರ ಮಾಡಿಸಬೇಡಿ.

ಮಾದರಿ ತೆಗೆಯುವುದು ಹೇಗೆ? ಮಲ ನೀರಿಗೆ ಬೀಳಬಾರದು, ಮೂತ್ರ ಬೆರೆಯಬಾರದು. ಒಣಗಿದ, ಶುಭ್ರವಾದ ಪ್ಲಾಸ್ಟಿಕ್ ಹಾಳೆಯ ಮೇಲೆ ಬೀಳುವಂತೆ ಮಾಡಿ, ಡಬ್ಬಿಯ ಮುಚ್ಚಳದಲ್ಲೇ ಇರುವ ಚಮಚದಿಂದ ಸ್ವಲ್ಪ ತೆಗೆಯಿರಿ. ಡಬ್ಬಿ ತುಂಬಬೇಕಾಗಿಲ್ಲ. ಹೆಸರು, ದಿನಾಂಕ, ಹೊತ್ತು ಬರೆಯಿರಿ. ಜಂತು, ಅಮೀಬಾ ನೋಡಬೇಕಿದ್ದರೆ ಆದಷ್ಟು ಬೇಗ ಲ್ಯಾಬಿಗೆ ತಲುಪಿಸಿ. ಅವು ದಿನವೂ ಮಲದಲ್ಲಿ ಬರುವುದಿಲ್ಲ. ಅದಕ್ಕೇ ಬೇರೆ ಬೇರೆ ದಿನದ ಮಾದರಿ ಕೇಳುತ್ತಾರೆ. ಮನೆಯಲ್ಲಿ ವಯಸ್ಸಾದವರಿದ್ದರೆ, ಅವರಿಗೆ ಬಗ್ಗಲು ಆಗದಿದ್ದರೆ, ನೀವು ಜೊತೆಗೆ ನಿಂತು ತೆಗೆದುಕೊಡಿ.

ಇನ್ನೊಂದೇ ಮಾತು, ಫಿಟ್ ಬಗ್ಗೆ. ಪಾಸಿಟಿವ್ ಬಂದರೆ ‘ಮೂಲವ್ಯಾಧಿ ಇರಬೇಕು’ ಅಂತ ತಳ್ಳಿಹಾಕಬೇಡಿ. ಬೇರೆ ಲ್ಯಾಬಿನಲ್ಲಿ ಮತ್ತೆ ಮಾಡಿಸಿದಾಗ ನೆಗೆಟಿವ್ ಬಂತು ಅಂತಲೂ ನಿರಾಳವಾಗಬೇಡಿ. ಗಡ್ಡೆಯಿಂದ ರಕ್ತ ಒಂದು ದಿನ ಜಿನುಗುತ್ತದೆ, ಇನ್ನೊಂದು ದಿನ ಇಲ್ಲ. ಒಂದು ಸಲ ಪಾಸಿಟಿವ್ ಬಂದರೆ ಮುಂದಿನದು ಕೊಲೊನೋಸ್ಕೋಪಿ, ಅದೂ ತಡಮಾಡದೆ.

ನಮಸ್ಕಾರ.