ರಾತ್ರಿ ಎರಡು ಗಂಟೆಯ ಡಂಪರ್

ನಮಸ್ಕಾರ, ಮುಂಬೈಯ ಮುಲುಂಡಿನಿಂದ ಮಾತಾಡುತ್ತಿದ್ದೇನೆ. ಹೋದ ವಾರ ಹಾಲು ತರಲು ಹೊರಟವಳು ನಾಲೆಯ ಪಕ್ಕ ನಿಂತುಬಿಟ್ಟೆ. ರಾತ್ರೋರಾತ್ರಿ ಯಾರೋ ಒಂದು ಡಂಪರ್ ಡೆಬ್ರಿಸ್, ಅಂದರೆ ಕೆಡವಿದ ಕಟ್ಟಡದ ಅವಶೇಷ, ಸುರಿದು ಹೋಗಿದ್ದರು. ಒಡೆದ ಕಮೋಡ್, ಅಡುಗೆಕಟ್ಟೆಯ ಕಡಪಾ ಕಲ್ಲು, ಎಲ್ಲದರ ಮೇಲೆ ಒಂದು ಗಣಪತಿ ಟೈಲ್ಸ್. ಮೆಟ್ಟಿಲ ಮೂಲೆಯಲ್ಲಿ ಪಾನ್ ಉಗುಳದಿರಲಿ ಎಂದು ಅಂಟಿಸುತ್ತಾರಲ್ಲ, ಅದೇ. ಇಷ್ಟು ವರ್ಷ ಉಗುಳು ತಡೆದ ಗಣಪತಿಯೇ ಈಗ ನಾಲೆಯ ಪಾಲು.

ದೂರು ಕೊಟ್ಟೆ. ಗಾಡಿ ನಂಬರ್ ಇದೆಯಾ ಅಂದರು. ರಾತ್ರಿ ಎರಡು ಗಂಟೆಗೆ ನಾನು ಮಲಗಿರುತ್ತೇನಪ್ಪಾ!

ಇಲ್ಲಿ ಹಳೆ ಹೌಸಿಂಗ್ ಸೊಸೈಟಿಗಳೆಲ್ಲ ರೀಡೆವಲಪ್‌ಮೆಂಟಿಗೆ, ಅಂದರೆ ಕೆಡವಿ ಹೊಸದಾಗಿ ಕಟ್ಟಿಸಲು, ಹೋಗುತ್ತಿವೆ. ಡೆಬ್ರಿಸ್ ಸಾಗಿಸುವ ಕೆಲಸವನ್ನು ಬಿಲ್ಡರ್ ಕಾಂಟ್ರಾಕ್ಟರಿಗೆ ವಹಿಸುತ್ತಾನೆ, ಕಾಂಟ್ರಾಕ್ಟರ್ ಡಂಪರ್ ಮಾಲೀಕನಿಗೆ. ದುಡ್ಡು ಟ್ರಿಪ್ ಲೆಕ್ಕ. ಡೆಬ್ರಿಸ್ ಪುಡಿ ಮಾಡುವ ಘಟಕ ಶಿಳಫಾಟಾ ಕಡೆ ಇದೆ, ದಿನಕ್ಕೆ 600 ಟನ್ ತಾಕತ್ತಿನದ್ದು. ಆದರೆ ಆ ಟ್ರಾಫಿಕ್ಕಿನಲ್ಲಿ ಒಂದು ಸಲ ಹೋಗಿ ಬರುವಷ್ಟರಲ್ಲಿ ನಮ್ಮ ನಾಲೆಗೆ ನಾಲ್ಕು ಟ್ರಿಪ್ ಮುಗಿಯುತ್ತದೆ. ಮತ್ತೆ ಮಳೆಗಾಲಕ್ಕೆ ಮುಂಚೆ ನಾಲೆ ಸಫಾಯಿ ಅಂತ ಹೂಳು ತೆಗೆಸುವುದು ಪಾಲಿಕೆ, ಅಂದರೆ ನಮ್ಮದೇ ಟ್ಯಾಕ್ಸು. ಸಾಲದ್ದಕ್ಕೆ 2025ರ ಏಪ್ರಿಲ್‌ನಲ್ಲಿ ಪಾಲಿಕೆ ಒಂದು ಕರಡು ತಂದಿತ್ತು: ಮನೆ ಎಷ್ಟು ದೊಡ್ಡದು ನೋಡಿ, ಕಸಕ್ಕೆ ತಿಂಗಳಿಗೆ 100ರಿಂದ 1,000 ರೂಪಾಯಿ. ನನ್ನ ಬಾಳೆಹಣ್ಣಿನ ಸಿಪ್ಪೆಗೆ ನಾನು ಕೊಡಬೇಕು, ಇಡೀ ಬಿಲ್ಡಿಂಗ್ ಹೊತ್ತು ಕಾಸು ಮಾಡುವವನು ಕೊಡಬಾರದಾ?

ಅದಕ್ಕೆ ನಾನು ಹೇಳುವುದು: ಡಂಪರ್ ಮಾಲೀಕರಿಂದ ಟ್ರಿಪ್ಪಿಗೆ ಇಷ್ಟು ಅಂತ ಫೀ ತೆಗೆದುಕೊಳ್ಳಿ. ಆ ದುಡ್ಡು ಆಯಾ ವಾರ್ಡಿನ ಸಫಾಯಿಗೇ ಖರ್ಚಾಗಲಿ.

ಮಾಟುಂಗಾದಲ್ಲಿ ಹೋಟೆಲ್ ಇಟ್ಟಿರುವ ನಮ್ಮ ಭಾವ ಇದನ್ನು ಕೇಳಿ ನಕ್ಕರು. "ಘಟಕದಲ್ಲಿ ಲಾರಿ ತೂಗುವ ಕಾಟಾದ ಹತ್ತಿರ ದುಡ್ಡು ಕೇಳಿದರೆ ಅವನು ಕಾಟಾಕ್ಕೇ ಬರುವುದಿಲ್ಲ ಮಾರಾಯ್ತಿ. ನಾಲೆಗೆ ಇನ್ನೂ ಜಾಸ್ತಿ ಬೀಳುತ್ತದೆ."

ಮಾತು ಸರಿ ಅಲ್ವಾ? ನನಗೆ ಹೊಳೆದೇ ಇರಲಿಲ್ಲ. ಹಾಗಾದರೆ ದುಡ್ಡನ್ನು ಕೊನೆಗೆ ಕೇಳಬಾರದು, ಮೊದಲೇ ಇಡಿಸಿಕೊಳ್ಳಬೇಕು. ಕಟ್ಟಡ ಕೆಡವಲು ಪರ್ಮಿಷನ್ ಕೊಡುವಾಗಲೇ ಎಷ್ಟು ಟನ್ ಬರಬಹುದು ಲೆಕ್ಕ ಹಾಕಿ, ಬಿಲ್ಡರ್ ಮತ್ತು ಡಂಪರ್ ಮಾಲೀಕ ಇಬ್ಬರಿಂದಲೂ ಡಿಪಾಸಿಟ್ ತೆಗೆದುಕೊಳ್ಳಿ. ಘಟಕದ ಕಾಟಾ ಚೀಟಿ ತಂದಷ್ಟಕ್ಕೆ, ಫೀ ಮುರಿದುಕೊಂಡು, ವಾಪಸ್ ಕೊಡಿ. ಚೀಟಿ ಇಲ್ಲವಾ, ದುಡ್ಡು ವಾರ್ಡಿಗೆ. ಆಗ ಗಾಡಿ ನಂಬರ್ ಹಿಡಿಯಲು ನಾನು ನಿದ್ದೆಗೆಡಬೇಕಾಗಿಲ್ಲ. ದಿನಗೂಲಿ ಡ್ರೈವರನ ತಲೆಗೆ ಮಾತ್ರ ಇದನ್ನು ಕಟ್ಟಬೇಡಿ.

ಇದೇನು ಹೊಸದಾಗಿ ಕೇಳುತ್ತಿರುವುದಲ್ಲ. ದಿನಕ್ಕೆ 20 ಟನ್ ಅಥವಾ ತಿಂಗಳಿಗೆ ಒಂದು ಪ್ರಾಜೆಕ್ಟಿನಿಂದ 300 ಟನ್ ಮೀರಿ ಡೆಬ್ರಿಸ್ ಮಾಡುವವರು ಅದರ ಸಾಗಾಟದ ಖರ್ಚು ಕೊಡಬೇಕು ಎಂದು ಕೇಂದ್ರ 2016ರಲ್ಲೇ ನಿಯಮ ಮಾಡಿತ್ತು.

ಗಣಪತಿ ಟೈಲ್ಸನ್ನು ನಮ್ಮ ಪಕ್ಕದ ಮನೆ ಕಾಕೂ ತೊಳೆದು ಅರಳಿಮರದ ಬುಡದಲ್ಲಿಟ್ಟಿದ್ದಾರೆ. ಕಮೋಡ್ ಇನ್ನೂ ಅಲ್ಲೇ ಇದೆ.