ನವೆಂಬರಿನಿಂದ ಹಿಂದಕ್ಕೆ

ಕೇಳುಗರಿಗೆ ನಮಸ್ಕಾರ.

ನಾಲ್ಕೈದು ಜನ ಸೇರಿ ಒಂದು ಬ್ಯಾಂಡ್ ಕಟ್ಟಿದ್ದೀರಿ. ಸಿನಿಮಾ ಹಾಡಲ್ಲ, ನಿಮ್ಮದೇ ಸಾಹಿತ್ಯ, ನಿಮ್ಮದೇ ರಾಗ. ಆರು ಹಾಡು ಕೈಯಲ್ಲಿವೆ. ಮೊದಲನೆಯದನ್ನು ಯಾವಾಗ ಬಿಡುತ್ತೀರಿ ಅಂತ ಕೇಳಿದರೆ, ‘ಮಿಕ್ಸಿಂಗ್ ಮುಗಿದ ಮಾರನೇ ದಿನ’ ಅನ್ನುವ ಉತ್ತರವೇ ಹೆಚ್ಚು. ಲೆಕ್ಕ ತಪ್ಪುವುದು ಅಲ್ಲೇ. ಕನ್ನಡದಲ್ಲಿ ಹಾಡುವ ಬ್ಯಾಂಡಿಗೆ ಸುಗ್ಗಿ ಅಂದರೆ ನವೆಂಬರ್. ಕ್ಯಾಲೆಂಡರಿನಲ್ಲಿ ರಾಜ್ಯೋತ್ಸವ ಒಂದೇ ದಿನ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳ ಕನ್ನಡ ಬಳಗಗಳಿಗೆ, ಅಪಾರ್ಟ್‌ಮೆಂಟ್ ಸಂಘಗಳಿಗೆ, ಕಾಲೇಜುಗಳಿಗೆ ಅದು ತಿಂಗಳಿಡೀ. ಕೆಲವು ಬಡಾವಣೆಗಳಲ್ಲಿ ಡಿಸೆಂಬರಿಗೂ ಜಾರುತ್ತದೆ. ಹಾಡಿನ ತಾರೀಖನ್ನು ಈ ನವೆಂಬರಿನಿಂದ ಹಿಂದಕ್ಕೆ ಎಣಿಸಿಕೊಂಡು ಬರಬೇಕು.

ಎಣಿಸೋಣ. ನವೆಂಬರಿನ ಕಾರ್ಯಕ್ರಮಕ್ಕೆ ಸಮಿತಿ ಕೂರುವುದು ಸೆಪ್ಟೆಂಬರಿನಲ್ಲಿ. ಆಗ ನಿಮ್ಮಿಂದ ಹೋದ ವಾಟ್ಸಾಪ್ ಸಂದೇಶದಲ್ಲಿ ಎರಡು ಲಿಂಕ್ ಇರಬೇಕು. ಒಂದು, ಎಲ್ಲ ಆ್ಯಪ್‌ಗಳಲ್ಲೂ ಸಿಗುವ ಹಾಡು. ಇನ್ನೊಂದು, ನೀವು ವೇದಿಕೆಯ ಮೇಲೆ ನುಡಿಸುತ್ತಿರುವ ಮೂರು ನಿಮಿಷದ ವಿಡಿಯೊ. ಸಮಿತಿಯವರು ಹಾಡಿಗಿಂತ ವಿಡಿಯೊವನ್ನೇ ನಂಬುತ್ತಾರೆ, ನಂಬಲೂಬೇಕು. ಅಂದರೆ ಹಾಡು ಆಗಸ್ಟ್ ಮೊದಲ ವಾರಕ್ಕೆ ಹೊರಗೆ ಬಂದಿರಬೇಕು. ಅದಕ್ಕೆ ನಾಲ್ಕು ವಾರ ಮುಂಚೆ, ಜುಲೈ ಆರಂಭಕ್ಕೆ, ಹಾಡನ್ನು ಆ್ಯಪ್‌ಗಳಿಗೆ ಮುಟ್ಟಿಸುವ ವಿತರಕರಿಗೆ ಫೈಲು ತಲುಪಬೇಕು. ವಾದ್ಯ, ಗಾಯನಗಳ ಸದ್ದು ಬೆರೆಸುವ ಮಿಕ್ಸಿಂಗ್, ಕೊನೆಯ ಹದ ಕೊಡುವ ಮಾಸ್ಟರಿಂಗಿಗೆ ಮೂರು ವಾರ ಹಿಡಿಯಿರಿ. ಹಾಗಾದರೆ ಸ್ಟುಡಿಯೊಗೆ ಕಾಲಿಡುವುದು ಮೇ ತಿಂಗಳಲ್ಲಿ.

ಸ್ಟುಡಿಯೊ ಗಂಟೆ ಲೆಕ್ಕದಲ್ಲಿ ಓಡುತ್ತದೆ. ಡ್ರಮ್ಸ್ ಮತ್ತು ಗಾಯನಕ್ಕೆ ಅಲ್ಲಿನ ಕೋಣೆ ಬೇಕೇ ಬೇಕು. ಬೇಸ್, ಗಿಟಾರ್, ಕೀಬೋರ್ಡ್ ಮನೆಯಲ್ಲೇ ಆಗುತ್ತದೆ, ಎಲ್ಲರೂ ಲಯ ತೋರಿಸುವ ‘ಟಿಕ್ ಟಿಕ್’ ಸದ್ದಿನ ಒಂದೇ ಕ್ಲಿಕ್ ಟ್ರ್ಯಾಕ್ ಮೇಲೆ ನುಡಿಸಿದ್ದರೆ. ಆ ಒಂದು ‘ರೆ’ಯಲ್ಲೇ ಎಷ್ಟೋ ಹಾಡು ಕೆಟ್ಟಿವೆ.

ರೆಕಾರ್ಡಿಂಗಿಗೆ ಮುಂಚೆ ಒಂದು ಕಾಗದದ ಕೆಲಸವಿದೆ. ಸಾಹಿತ್ಯ ಯಾರದು, ರಾಗ ಯಾರದು, ರೆಕಾರ್ಡಿಂಗ್ ಯಾರ ಒಡೆತನ, ಯಾರಿಗೆ ಶೇಕಡಾ ಎಷ್ಟು: ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಸ್ನೇಹದಲ್ಲಿ ಕಾಗದ ಯಾಕೆ ಅನ್ನುವವರೇ ಡ್ರಮ್ಮರ್ ಬ್ಯಾಂಡ್ ಬಿಟ್ಟ ದಿನ ಹಾಳೆ ಹುಡುಕುತ್ತಾರೆ. ಹಾಡು ಬಳಸಿದವರಿಂದ ಹಣ ಪಡೆದು ಹಕ್ಕುದಾರರಿಗೆ ಹಂಚುವ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ, ಅಂದರೆ ಐಪಿಆರ್‌ಎಸ್, ಸಾಹಿತ್ಯ ಬರೆದವರನ್ನೂ ರಾಗ ಹಾಕಿದವರನ್ನೂ ಅವರವರ ಹೆಸರಿನಲ್ಲೇ ಸದಸ್ಯರಾಗಿಸಿಕೊಳ್ಳುತ್ತದೆ, ಬ್ಯಾಂಡಿನ ಹೆಸರಿನಲ್ಲಲ್ಲ. ಅಲ್ಲಿ ಹಾಡು ನೋಂದಾಯಿಸುವಾಗ ಬೇಕಾಗುವುದೂ ಇದೇ ಶೇಕಡಾವಾರು.

ಹಳೆಯ ಸಾಹಿತ್ಯ ಎತ್ತಿಕೊಳ್ಳುವವರು ಇಲ್ಲಿ ಎಚ್ಚರವಾಗಿರಬೇಕು. ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರ ಪದಗಳು ಎಲ್ಲರ ಸ್ವತ್ತು. 2008ರಲ್ಲಿ ಬಂದ ರಘು ದೀಕ್ಷಿತ್ ಪ್ರಾಜೆಕ್ಟ್‌ನ ಮೊದಲ ಆಲ್ಬಮಿನಲ್ಲೂ ಶರೀಫರಿದ್ದಾರೆ. ಆದರೆ ಪದ ಶರೀಫರದ್ದಾದರೂ ನಿಮ್ಮ ಕಿವಿಯಲ್ಲಿ ಕೂತಿರುವ ಧಾಟಿ ಸಿ. ಅಶ್ವತ್ಥರದ್ದಾಗಿರಬಹುದು. ಅಶ್ವತ್ಥರು ಹೋದದ್ದು 2009ರಲ್ಲಿ. ನಮ್ಮ ಕಾಯ್ದೆಯ ಪ್ರಕಾರ ಹಕ್ಕು ಉಳಿಯುವುದು ಕರ್ತೃ ತೀರಿಕೊಂಡ ನಂತರ 60 ವರ್ಷ, ಅಂದರೆ ಆ ಧಾಟಿಗೆ 2069ರ ಕೊನೆಯವರೆಗೂ ರಕ್ಷಣೆಯಿದೆ. ಬೇಂದ್ರೆಯವರ ಕವಿತೆಗೆ 2041, ಕುವೆಂಪು ಅವರದ್ದಕ್ಕೆ 2054. ವಚನಕ್ಕೂ ಇದೇ ನ್ಯಾಯ: ಮಾತು 12ನೇ ಶತಮಾನದ್ದು, ರಾಗ ಸಂಯೋಜನೆ ಕಳೆದ ದಶಕದ್ದು. ವಚನಕ್ಕೋ ಶರೀಫರ ಪದಕ್ಕೋ ರಾಗ ನೀವೇ ಹಾಕಿ, ತಂಟೆಯೇ ಇಲ್ಲ.

ಈಗ ಫೈಲು. 44.1 ಕಿಲೋಹರ್ಟ್ಸ್, 24 ಬಿಟ್ ವೇವ್ ಫೈಲ್ ಕೊಡಿ. ಎಂಪಿ3ಯನ್ನು ವೇವ್ ಮಾಡಿ ಕೊಟ್ಟರೆ ಕಳೆದುಹೋದದ್ದು ವಾಪಸು ಬರುವುದಿಲ್ಲ. ಸದ್ದಿನ ಮಟ್ಟದಲ್ಲಿ ಎಲ್ಲರೂ ಎಡವುತ್ತಾರೆ. ಜೋರಿನ ಅಳತೆ ಎಲ್‌ಯುಎಫ್‌ಎಸ್, ಸೊನ್ನೆಗೆ ಹತ್ತಿರವಾದಷ್ಟೂ ಸದ್ದು ಜೋರು. ಪಕ್ಕದ ಹಾಡಿಗಿಂತ ಜೋರಾಗಿರಲಿ ಅಂತ, ಸದ್ದಿನ ಏರುಗಳನ್ನು ಅದುಮುವ ಲಿಮಿಟರ್ ಒತ್ತಿ ಒತ್ತಿ ಮೈನಸ್ 7 ಎಲ್‌ಯುಎಫ್‌ಎಸ್‌ಗೆ ತರುತ್ತಾರೆ. ಸ್ಪಾಟಿಫೈ ಮಾಮೂಲಿ ಸೆಟ್ಟಿಂಗಿನಲ್ಲಿ ಎಲ್ಲವನ್ನೂ ಸುಮಾರು ಮೈನಸ್ 14ಕ್ಕೆ ಇಳಿಸಿ ಕೇಳಿಸುತ್ತದೆ. ಕೊನೆಗೆ ಜೋರೂ ಇಲ್ಲ, ಡ್ರಮ್ಮಿನ ಪೆಟ್ಟೂ ಇಲ್ಲ. ಮೈನಸ್ 14ಕ್ಕೇ ಅಂಟಿಕೊಳ್ಳಿ ಅಂತಲ್ಲ, ಪೆಟ್ಟು ಸಾಯುವ ಮೊದಲು ನಿಲ್ಲಿಸಿ. ಟ್ರೂ ಪೀಕ್, ಅಂದರೆ ಸದ್ದಿನ ಅತಿ ಎತ್ತರದ ತುದಿ, ಮೈನಸ್ 1 ಡಿಬಿ ಮೀರದಿರಲಿ. ಮುಖಪುಟ ಚಿತ್ರ 3000 ಬೈ 3000 ಪಿಕ್ಸೆಲ್, ಚೌಕ. ಅದರ ಮೇಲೆ ಇನ್‌ಸ್ಟಾಗ್ರಾಂ ಐಡಿ, ವೆಬ್ ವಿಳಾಸ, ಯಾವುದಾದರೂ ಆ್ಯಪಿನ ಲೋಗೊ ಇದ್ದರೆ ತಿರಸ್ಕರಿಸುತ್ತಾರೆ.

ವಿತರಕರಲ್ಲಿ ಎರಡು ಥರ. ಡಿಸ್ಟ್ರೋಕಿಡ್‌ಗೆ ವರ್ಷ ವರ್ಷ ಚಂದಾ. ಕಟ್ಟುವುದು ನಿಲ್ಲಿಸಿದರೆ ಹಾಡು ಆ್ಯಪ್‌ಗಳಿಂದ ಇಳಿದುಹೋಗಬಹುದು. ಸಿಡಿ ಬೇಬಿಗೆ ಹಾಡಿಗೊಮ್ಮೆ ಶುಲ್ಕ, ಆಮೇಲೆ ಬಂದ ಹಣದಲ್ಲಿ ಶೇ. 9 ಅವರದ್ದು. ವರ್ಷಕ್ಕೆ ನಾಲ್ಕು ಹಾಡು ಬಿಡುವವರಿಗೆ ಮೊದಲನೆಯದು, ಒಂದೇ ಹಾಡು ಬಿಟ್ಟು ಸುಮ್ಮನಿರುವವರಿಗೆ ಎರಡನೆಯದು ಸರಿ.

ಅರ್ಜಿ ತುಂಬುವಾಗ ಅವಸರ ಬೇಡ. ಭಾಷೆಯ ಖಾನೆಯಲ್ಲಿ ಇಂಗ್ಲಿಷ್ ಮೊದಲೇ ಕೂತಿದ್ದರೆ ಬದಲಿಸಿ ಕನ್ನಡ ಅಂತ ಆರಿಸಿ. ಹಾಡಿನ ಹೆಸರನ್ನು ಕನ್ನಡ ಲಿಪಿಯಲ್ಲಿ ಕೊಡಬೇಕೋ ಇಂಗ್ಲಿಷ್ ಅಕ್ಷರದಲ್ಲೋ? ಅಭಿಮಾನ ಒಂದು ಕಡೆ ಎಳೆಯುತ್ತದೆ, ಹುಡುಕುವವರ ಬೆರಳು ಇನ್ನೊಂದು ಕಡೆ. ಹೆಚ್ಚಿನವರು ಹುಡುಕುವುದು ಇಂಗ್ಲಿಷ್ ಅಕ್ಷರಗಳಲ್ಲೇ. ಹೆಸರು ಹಾಗೇ ಇರಲಿ, ಸಾಹಿತ್ಯವನ್ನು ಕನ್ನಡ ಲಿಪಿಯಲ್ಲಿ ಸೇರಿಸಿ, ಚಿತ್ರದ ಮೇಲೂ ಕನ್ನಡವೇ ಇರಲಿ. ಒಮ್ಮೆ ಆರಿಸಿದ ಕಾಗುಣಿತವನ್ನು ಎಲ್ಲ ಕಡೆಯೂ ಅಕ್ಷರ ಬಿಡದೆ ಉಳಿಸಿ. ಒಂದು ಕಡೆ ಒಂದು ‘ಎ’, ಇನ್ನೊಂದು ಕಡೆ ಎರಡು ‘ಎ’ ಹಾಕಿದರೆ ಆ್ಯಪಿನಲ್ಲಿ ನಿಮ್ಮ ಬ್ಯಾಂಡಿಗೆ ಎರಡು ಪುಟ ಹುಟ್ಟುತ್ತವೆ.

ಅರ್ಜಿಯಲ್ಲಿ ಯೂಟ್ಯೂಬ್ ಕಂಟೆಂಟ್ ಐಡಿ ಅನ್ನುವ ಚೌಕವಿದೆ, ಬೇರೆಯವರ ವಿಡಿಯೊದಲ್ಲಿ ನಿಮ್ಮ ಹಾಡನ್ನು ತಾನೇ ಹುಡುಕಿ ಹಕ್ಕು ಸಾಧಿಸುವ ವ್ಯವಸ್ಥೆ ಅದು. ಅದಕ್ಕೆ ಟಿಕ್ ಹಾಕುವ ಮೊದಲು ಎರಡು ಸಲ ಯೋಚಿಸಿ. ಹಾಡಿನಲ್ಲಿ ಕೊಂಡು ತಂದ ಲೂಪ್, ಅಂದರೆ ಸಿದ್ಧ ಸದ್ದಿನ ತುಣುಕು, ಇದ್ದರೆ ಹಾಕಲೇಬೇಡಿ, ಅದೇ ಲೂಪ್ ಬಳಸಿದ ಬೇರೆಯವರ ಹಾಡಿಗೂ ನಿಮ್ಮ ಹೆಸರಲ್ಲಿ ತಕರಾರು ಹೋಗುತ್ತದೆ. ಇನ್ನೊಂದು ಫಜೀತಿ: ನಿಮ್ಮನ್ನು ಕರೆಸಿದ ಸಂಘದವರು ಕಾರ್ಯಕ್ರಮದ ವಿಡಿಯೊವನ್ನು ತಮ್ಮ ಚಾನೆಲ್ಲಿಗೆ ಹಾಕುತ್ತಾರೆ, ಅವರಿಗೆ ಕ್ಲೇಮ್ ಬರಬಹುದು. ದುಡ್ಡು ಕೊಟ್ಟವರಿಗೇ ನೋಟಿಸು. ಅವರ ಚಾನೆಲ್ಲಿಗೆ ವಿನಾಯಿತಿ ಕೊಡಿಸುವುದು ನಿಮ್ಮ ಕೆಲಸ.

ಸ್ಪಾಟಿಫೈ ಸಂಪಾದಕರಿಗೆ ಹಾಡು ಸೂಚಿಸುವುದು ಬಿಡುಗಡೆಗೆ ಮುಂಚೆ ಮಾತ್ರ ಸಾಧ್ಯ, ಕನಿಷ್ಠ 7 ದಿನ ಮುಂಚಿತವಾಗಿ. ನಾಲ್ಕು ವಾರದ ಅಂತರ ಇಟ್ಟುಕೊಂಡದ್ದು ಇದಕ್ಕೇ. ಹಣದ ಆಸೆ ಬೇಡ: 2024ರಿಂದ ಅಲ್ಲಿ, ಹಿಂದಿನ 12 ತಿಂಗಳಲ್ಲಿ 1000 ಸಲ ಕೇಳಿಸಿಕೊಳ್ಳದ ಹಾಡಿಗೆ ಬಿಡಿಗಾಸೂ ಇಲ್ಲ. ಆ್ಯಪಿನಲ್ಲಿರುವ ಹಾಡು ನಿಮ್ಮ ವಿಸಿಟಿಂಗ್ ಕಾರ್ಡ್, ಅಷ್ಟೇ.

ಇನ್ನು ಕಾರ್ಯಕ್ರಮ. ಸಮಿತಿಯವರ ಮೊದಲ ಪ್ರಶ್ನೆ, ‘ಸಿನಿಮಾ ಹಾಡು ಹಾಡ್ತೀರಾ?’ ಇದಕ್ಕೆ ಮೂಗು ಮುರಿಯಬೇಡಿ. 60 ನಿಮಿಷಕ್ಕೆ ಹತ್ತು ಹಾಡು ಅಂತಿಟ್ಟುಕೊಂಡರೆ ಆರು ನಿಮ್ಮವು, ಎರಡು ಶರೀಫರ ಪದ, ಎರಡು ಎಲ್ಲರೂ ದನಿಗೂಡಿಸುವ ಹಳೆಯ ಸಿನಿಮಾ ಹಾಡು. ಅದಕ್ಕೆ ಬೇಕಾದ ಐಪಿಆರ್‌ಎಸ್ ಪರವಾನಗಿ ಸಂಘಟಕರ ಹೊಣೆ ಅಂತ ಇ-ಮೇಲಿನಲ್ಲೇ ಬರೆದುಬಿಡಿ.

ಸಂಭಾವನೆಯ ಲೆಕ್ಕ ಒಂದು ಉದಾಹರಣೆಯಿಂದ ತಿಳಿಯುತ್ತದೆ. ಐದು ಜನರ ಬ್ಯಾಂಡಿಗೆ 60,000 ರೂಪಾಯಿ ಒಪ್ಪಿಗೆಯಾಯಿತು ಅನ್ನಿ. ಕಂಪನಿ ಶೇ. 10 ಟಿಡಿಎಸ್ ಹಿಡಿದು 54,000 ಕೊಡುತ್ತದೆ. ಸೌಂಡ್ ಎಂಜಿನಿಯರಿಗೆ 5,000, ವ್ಯಾನಿಗೆ 6,000, ಪ್ರಾಕ್ಟೀಸ್ ಕೋಣೆಗೆ 3,000, ಊಟ ತಿಂಡಿಗೆ 1,000. ಉಳಿದದ್ದು 39,000. ಆರು ಪಾಲು ಮಾಡಿ, ಆರನೆಯದು ಬ್ಯಾಂಡಿನ ಖಾತೆಗೆ, ತಲೆಗೆ 6,500. ತೊಡಕಿರುವುದು ಆ 6,000 ಟಿಡಿಎಸ್‌ನಲ್ಲಿ. ಬಿಲ್ಲು ಒಬ್ಬರ ಪ್ಯಾನ್ ನಂಬರಿನಲ್ಲಿ ಹೋಗಿದ್ದರೆ ಅಷ್ಟೂ 60,000 ಅವರೊಬ್ಬರ ಆದಾಯವಾಗಿ ಕಾಣುತ್ತದೆ, ತೆರಿಗೆಯೂ ಅವರದ್ದೇ ತಲೆಗೆ. ರಿಟರ್ನ್ ಸಲ್ಲಿಸುವಾಗ ಜಗಳ. ಐದೂ ಜನ ಬೇರೆ ಬೇರೆ ಬಿಲ್ಲು ಕೊಡಿ, ಇಲ್ಲವೇ ಪಾಲುದಾರಿಕೆ ಸಂಸ್ಥೆ ಮಾಡಿ ಅದರ ಪ್ಯಾನ್ ಕೊಡಿ. ಅರ್ಧ ಮುಂಗಡ ಬಾರದೆ ತಾರೀಖು ಖಚಿತ ಮಾಡಬೇಡಿ.

‘ಸೌಂಡ್ ಇದೆ’ ಅನ್ನುವ ಮಾತನ್ನು ನಂಬಬೇಡಿ. ಅವರ ಲೆಕ್ಕದಲ್ಲಿ ಸೌಂಡ್ ಅಂದರೆ ಭಾಷಣಕ್ಕೆ ಸಾಕಾಗುವ ಎರಡು ಬಾಕ್ಸು, ಎರಡು ಮೈಕು. ಇನ್‌ಪುಟ್ ಲಿಸ್ಟ್, ಅಂದರೆ ಮಿಕ್ಸರಿಗೆ ಹೋಗುವ ಸದ್ದುಗಳ ಪಟ್ಟಿ, ಕಳಿಸಿ. ಹೀಗೆ ಎಣಿಸಿ: ಡ್ರಮ್ಸಿಗೆ ಕಿಕ್, ಸ್ನೇರ್, ಹೈ ಹ್ಯಾಟ್, ಎರಡು ಟಾಮ್, ಮೇಲೆ ಎರಡು ಓವರ್‌ಹೆಡ್, ಏಳು. ಬೇಸ್ ಎಂಟು. ಎಲೆಕ್ಟ್ರಿಕ್ ಗಿಟಾರ್ ಒಂಬತ್ತು, ಅಕೌಸ್ಟಿಕ್ ಹತ್ತು. ಕೀಬೋರ್ಡ್ ಸ್ಟೀರಿಯೊ, ಹನ್ನೆರಡು. ಕೊಳಲು ಹದಿಮೂರು. ಮೂರು ಗಾಯನ, ಒಟ್ಟು ಹದಿನಾರು. 16 ಚಾನೆಲ್ಲಿನ ಮಿಕ್ಸರ್ ಇಲ್ಲಿಗೇ ಭರ್ತಿ. ನಿರೂಪಕಿಯ ಮೈಕು, ನಾಡಗೀತೆ ಹಾಕುವ ಲ್ಯಾಪ್‌ಟಾಪ್ ಎಲ್ಲಿಗೆ? ಹಾಗಾಗಿ 24 ಚಾನೆಲ್ ಕೇಳಿ. ಸಿಗದಿದ್ದರೆ ಡ್ರಮ್ಸನ್ನು ಕಿಕ್, ಸ್ನೇರ್, ಒಂದು ಓವರ್‌ಹೆಡ್ಡಿಗೆ ಇಳಿಸಿ, ನಾಲ್ಕು ಚಾನೆಲ್ ಉಳಿಯುತ್ತದೆ. ಬೇಸಿಗೆ ಒಂದು, ಅಕೌಸ್ಟಿಕ್‌ಗೆ ಒಂದು, ಕೀಬೋರ್ಡಿಗೆ ಎರಡು, ಹೀಗೆ ವಾದ್ಯದ ಸದ್ದನ್ನು ಮಿಕ್ಸರಿಗೆ ಒಗ್ಗುವಂತೆ ಮಾಡಿ ಕೊಡುವ ನಾಲ್ಕು ಡಿಐ ಬಾಕ್ಸ್ ಬೇಕು. ಎರಡಾದರೂ ನಿಮ್ಮ ಚೀಲದಲ್ಲೇ ಇರಲಿ. ಜತೆಗೆ ಗಿಟಾರಿನ ತಂತಿ, 9 ವೋಲ್ಟ್ ಬ್ಯಾಟರಿ, ಎರಡು ಜಾಕ್ ಕೇಬಲ್.

ಶಾಮಿಯಾನದ ವೇದಿಕೆಯಲ್ಲಿ ಕೇಳುವ ‘ಹೂಂ’ ಅನ್ನುವ ಗುಂಯ್‌ಗಾಟ ಗಿಟಾರಿನ ದೋಷವಲ್ಲ. ಆಂಪ್ಲಿಫೈಯರಿಗೆ ಒಂದು ಕಡೆಯ ಕರೆಂಟು, ಮಿಕ್ಸರಿಗೆ ಇನ್ನೊಂದು ಕಡೆಯದು. ಎರಡು ಅರ್ಥಿಂಗ್ ನಡುವೆ ಕೇಬಲ್ ಮೂಲಕ ಕರೆಂಟು ಸುತ್ತುತ್ತಿರುತ್ತದೆ. ಎರಡನ್ನೂ ಒಂದೇ ಬೋರ್ಡಿನಿಂದ ಎಳೆಸಿ, ಸೀರಿಯಲ್ ಸೆಟ್ಟಿನ ದೀಪಗಳನ್ನು ಬೇರೆ ಫೇಸಿಗೆ ಹಾಕಿಸಿ, ಆಮೇಲೂ ಉಳಿದರೆ ಕೇಬಲ್ಲಿನ ಅರ್ಥ್ ಕೊಂಡಿ ಬಿಡಿಸುವ ಡಿಐ ಬಾಕ್ಸಿನ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿ. ಪ್ಲಗ್ಗಿನ ಅರ್ಥ್ ಪಿನ್ ಮುರಿದು ಸರಿಮಾಡುತ್ತೇನೆ ಅನ್ನುವವರನ್ನು ದೂರ ಇಡಿ. ಗುಂಯ್‌ಗಾಟ ಹೋಗುತ್ತದೆ, ಕೈ ಗಿಟಾರಿನ ತಂತಿಯ ಮೇಲೆ, ತುಟಿ ಮೈಕಿನ ಮೇಲೆ ಬಂದಾಗ ಶಾಕ್ ಹೊಡೆಯುತ್ತದೆ. ಹಾಡುವ ಮುನ್ನ ಮಲ್ಟಿಮೀಟರನ್ನು ಎಸಿ ವೋಲ್ಟಿಗಿಟ್ಟು ಒಂದು ಕಡ್ಡಿ ಗಿಟಾರಿನ ತಂತಿಗೆ, ಇನ್ನೊಂದು ಮೈಕಿನ ಜಾಲರಿಗೆ ಮುಟ್ಟಿಸಿ ನೋಡಿ. ಒಂದೆರಡು ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಎಲೆಕ್ಟ್ರಿಷಿಯನ್ ಬರುವವರೆಗೆ ಯಾರೂ ಮುಟ್ಟಬೇಡಿ.

ಸಮಯದ ವಿಷಯ. ಬಯಲಿನಲ್ಲಿ ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಬೇಕು, 2000ದ ಶಬ್ದಮಾಲಿನ್ಯ ನಿಯಮ. ಆಹ್ವಾನ ಪತ್ರಿಕೆಯಲ್ಲಿ ನಿಮ್ಮ ಹೆಸರಿನ ಮುಂದೆ 8.30 ಅಂತಿರುತ್ತದೆ. ಸ್ವಾಗತ, ಪ್ರಾಸ್ತಾವಿಕ, ಮುಖ್ಯ ಅತಿಥಿಗಳ ಮಾತು, ಆರು ಜನಕ್ಕೆ ಸನ್ಮಾನ, ವಂದನಾರ್ಪಣೆ ಮುಗಿದು ನಿಮ್ಮ ಕೈಗೆ ಮೈಕು ಬರುವಾಗ 9.25. ಒಳ್ಳೆಯ ಹಾಡನ್ನು ಕೊನೆಗೆ ಇಟ್ಟುಕೊಂಡಿದ್ದರೆ ಅದನ್ನು ಹಾಡದೆಯೇ ಇಳಿಯುತ್ತೀರಿ. 60 ನಿಮಿಷದ ಪಟ್ಟಿಯ ಜತೆ 30 ನಿಮಿಷದ್ದೂ ಜೇಬಿನಲ್ಲಿರಲಿ, ಮೊದಲ ಮೂರು ಹಾಡು ಎರಡರಲ್ಲೂ ಒಂದೇ ಆಗಿರಲಿ.

ಆ ರಾತ್ರಿ ಮಿಕ್ಸರಿನಿಂದ ಎಡ, ಬಲ ಎರಡು ಟ್ರ್ಯಾಕಿನ ರೆಕಾರ್ಡಿಂಗ್ ಕೇಳಿ ಪಡೆಯಿರಿ. ಮನೆಗೆ ಬಂದು ಹಾಕಿ ನೋಡಿದರೆ ಬರೀ ಗಾಯನ ಕೇಳುತ್ತದೆ, ಡ್ರಮ್ಸ್ ಎಲ್ಲೋ ದೂರದಲ್ಲಿ; ಚಿಕ್ಕ ಜಾಗದಲ್ಲಿ ಡ್ರಮ್ಸಿಗೆ ಅದರ ಸ್ವಂತ ಸದ್ದೇ ಸಾಕಾದ್ದರಿಂದ ಮಿಕ್ಸರಿನಲ್ಲಿ ಅದನ್ನು ಏರಿಸಿರುವುದಿಲ್ಲ. ಅದಕ್ಕೇ ಮಿಕ್ಸರ್ ಮೇಜಿನ ಪಕ್ಕ ಒಂದು ಫೋನನ್ನು ಏರ್‌ಪ್ಲೇನ್ ಮೋಡಿನಲ್ಲಿಟ್ಟು ವಿಡಿಯೊ ಹಿಡಿಯಿರಿ. ಶುರುವಿಗೆ ಡ್ರಮ್ಮರ್ ಮೈಕಿನ ಹತ್ತಿರ ಬಂದು ಎರಡು ಕಡ್ಡಿ ಒಮ್ಮೆ ತಟ್ಟಲಿ. ಆ ‘ಟಕ್’ ಅನ್ನು ಸೇರಿಸಿ ಎರಡೂ ಸದ್ದನ್ನು ಬೆರೆಸಿದರೆ ಮುಂದಿನ ಸಮಿತಿಗೆ ಕಳಿಸುವ ವಿಡಿಯೊ ತಯಾರು.

ನಮಸ್ಕಾರ.